ಇಲ್ಲಪ್ಪನ ಗಾಜಿನ ಬಾಗಿಲು

ಅವನು ಸುಳ್ಳುಗಾರ. ಎದೆಗಾರಿಕೆಯಿಂದ ಸುಳ್ಳು ಹೇಳುವವನೂ ಅಲ್ಲ. ಇನ್ನೊಬ್ಬರ ಸುಳ್ಳನ್ನು ತನ್ನ ನಾಲಗೆಯ ಮೇಲೆ ಹೊತ್ತು ತಿರುಗುವ ಕೂಲಿ ಸುಳ್ಳುಗಾರ. ನಗರಸಭೆಯ ಕಚೇರಿಯಲ್ಲಿ ಅಧ್ಯಕ್ಷರ ಕೋಣೆಯ ಮುಂದೆ ಸ್ಟೂಲು ಹಾಕಿಕೊಂಡು ಕೂರುವ ಜವಾನ. ಆ ಕೋಣೆಯ ಕುರ್ಚಿಯಲ್ಲಿ ಯಾರು ಕೂತರೂ ಅವನಿಗೆ ಸಾಹೇಬರೇ. ಬಂದವರು ಬಾಯಿ ತೆರೆಯುವ ಮೊದಲೇ "ಇಲ್ಲಪ್ಪ, ಸಾಹೇಬ್ರಿಲ್ಲ" ಎಂದುಬಿಡುತ್ತಿದ್ದ. ಹೆಂಗಸರಾದರೆ "ಇಲ್ಲಮ್ಮ", ಅಷ್ಟೇ ವ್ಯತ್ಯಾಸ. ಹೀಗಾಗಿ ಊರು ಅವನಿಗೆ ಇಲ್ಲಪ್ಪ ಎಂದೇ ಹೆಸರಿಟ್ಟಿತು. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಒಮ್ಮೆ ಒಬ್ಬ ಮುದುಕ, "ಹಾಗಾದ್ರೆ ಒಳಗೆ ಕೆಮ್ತಾ ಇರೋದು ಯಾರು?" ಎಂದು ಕೇಳಿದ. ಇಲ್ಲಪ್ಪ ಮುಖದ ಗೆರೆ ಅಲುಗಿಸದೆ, "ಕುರ್ಚಿ" ಎಂದ.

ಸರ್ಕಾರ ಬದಲಾಯಿತು, ಅದರ ಬೆನ್ನಿಗೇ ನಗರಸಭೆಯೂ. ಹೊಸಬರು ಓಟು ಕೇಳಿದ್ದೇ ಪಾರದರ್ಶಕ ಆಡಳಿತದ ಹೆಸರಿನಲ್ಲಿ. ಗೆದ್ದ ಮೇಲೆ ಆ ಮಾತನ್ನು ಅಕ್ಷರಶಃ ನಡೆಸಿಕೊಟ್ಟರು. ಮರದ ಬಾಗಿಲುಗಳನ್ನು ಕೀಳಿಸಿ ಗಾಜಿನವನ್ನು ಹಾಕಿಸಿದರು. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿ, ಗಾಜಿನ ಆಚೆ ನಿಂತು ಕೈಬೀಸಿದರು. ಹಿಂದೆ ಇದೇ ಕಚೇರಿಯ ಮೆಟ್ಟಿಲ ಮೇಲೆ ಧರಣಿ ಕೂತಿದ್ದ ತರುಣನೇ ಈಗ ಅಧ್ಯಕ್ಷ.

ಇಲ್ಲಪ್ಪನಿಗೆ ಕೆಲಸವೇ ಇಲ್ಲವಾಯಿತು. ಎದುರಿಗೆ ಕಾಣುವ ಸಾಹೇಬರನ್ನು ಇಲ್ಲ ಎನ್ನುವುದು ಹೇಗೆ? ಜನ ಅವನನ್ನು ದಾಟಿ ನೇರ ಒಳಗೆ ಹೋದರು. ಕಟ್ಟಿಕೊಂಡಿದ್ದ ಚರಂಡಿ, ಉರಿಯದ ಬೀದಿದೀಪ, ಕೆಲವು ಸರಿಯೂ ಆದವು. ಇನ್ನು ಮೇಲೆ ನಿನ್ನನ್ನು ಇದ್ದಪ್ಪ ಎಂದು ಕರೆಯಬೇಕು ಎಂದು ಗುಮಾಸ್ತರು ಛೇಡಿಸಿದರು. ಅವನು ನಗಲಿಲ್ಲ. ಅವನ ಮಗಳು ಅದೇ ಕಚೇರಿಯ ಹಾಲ್‌ನ ಮೂಲೆಯಲ್ಲಿ ಟೈಪಿಸ್ಟ್, ಹಂಗಾಮಿ. ಗಂಡ ಬಿಟ್ಟು ಹೋದ ಮೇಲೆ ತವರಿಗೆ ಬಂದವಳು. ತಾನು ನಿವೃತ್ತನಾಗುವುದರೊಳಗೆ ಅವಳ ಕೆಲಸ ಕಾಯಂ ಆಗಬೇಕು, ಅವನಿಗಿದ್ದ ಆಸೆ ಇದೊಂದೇ. ಬೇಡದ ಜವಾನನ ಮಗಳು ಯಾರಿಗೆ ಬೇಕು?

ಹೊಸ ಸಾಹೇಬರು ಮೊದಮೊದಲು ಬಟ್ಟೆಯಂಗಡಿಯ ಗೊಂಬೆಯ ಹಾಗೆ ನೆಟ್ಟಗೆ ಕೂತರು. ಬೇಸಿಗೆ ಬರುವಷ್ಟರಲ್ಲಿ ಬೆನ್ನು ಸೋತಿತು. ಊಟದ ಮೇಲೆ ಕಣ್ಣು ಮುಚ್ಚುವಂತಿಲ್ಲ, ಗುತ್ತಿಗೆದಾರ ಬಂದರೆ ಪಕ್ಕಕ್ಕೆ ಕರೆದು ಪಿಸುಗುಟ್ಟುವಂತಿಲ್ಲ. ಪರದೆ ಹಾಕಿದರೆ ಪತ್ರಿಕೆಯವರು ಬಿಡುತ್ತಾರೆಯೇ? ಕೊನೆಗೆ ಇಲ್ಲಪ್ಪನನ್ನು ಒಳಗೆ ಕರೆದು ಒಂದು ದೊಡ್ಡ ಪೋಸ್ಟರ್ ಕೊಟ್ಟರು. ಬಾಗಿಲಿನ ಅಳತೆಗೇ ಅಚ್ಚು ಹಾಕಿಸಿದ್ದು. "ನಿಮ್ಮ ಸರ್ಕಾರ, ನಿಮ್ಮ ಕಣ್ಣೆದುರು" ಎಂದು ಅದರ ಮೇಲೆ ಬರೆದಿತ್ತು.

"ಗಾಳಿ ಗುಳ್ಳೆ ಬರದ ಹಾಗೆ ಅಂಟಿಸಪ್ಪಾ," ಎಂದರು. "ನಿನ್ನ ಮಗಳ ವಿಷಯ ನನ್ನ ತಲೆಯಲ್ಲಿದೆ."

ಒಂದು ಗುಳ್ಳೆಯೂ ಬರಲಿಲ್ಲ. ಅಂಚಿನಿಂದ ಅಂಚಿಗೆ ಒದ್ದೆ ಬಟ್ಟೆಯಿಂದ ಒತ್ತಿ, ಇಲ್ಲಪ್ಪ ಹಿಂದೆ ಸರಿದು ನೋಡಿದ. ಪಾರದರ್ಶಕತೆಯ ಹಿಂದೆ ಸಾಹೇಬರು ಪೂರ್ತಿ ಮರೆಯಾಗಿದ್ದರು. ಅವನು ಸ್ಟೂಲನ್ನು ಹಳೆಯ ಜಾಗಕ್ಕೆ ಎಳೆದುಕೊಂಡ.

ಆ ದಿನಗಳಲ್ಲೇ ಮಾರುಕಟ್ಟೆಯ ಹಿಂದಿನ ಓಣಿಯಿಂದ ಒಬ್ಬ ಹೊಲಿಗೆಯ ಹೆಂಗಸು ಬರತೊಡಗಿದಳು. ನಗರಸಭೆಯ ಹಳೆಯ ಗೋದಾಮಿನ ಗೋಡೆ ಅವಳ ಮನೆಯ ಮೇಲೆ ವಾಲಿತ್ತು; ಕೆಡವಲು ಸಾಹೇಬರ ಅಪ್ಪಣೆ ಬೇಕು. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಬೇರೆ ಮನೆ ನೋಡಲು ಕೈಯಲ್ಲಿ ಏನೂ ಇಲ್ಲ ಎಂದಳು. ಇಲ್ಲಪ್ಪ "ಇಲ್ಲಮ್ಮ" ಎಂದ. ಅವಳು ಮತ್ತೆ ಬಂದಳು, ಮತ್ತೆ ಅದೇ. ಪೋಸ್ಟರ್ ಓದುತ್ತ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು.

ಮಳೆ ಶುರುವಾದ ವಾರ ಗೋಡೆಯ ಅರ್ಧ ಅವಳ ಮನೆಯ ಮೇಲೆ ಕುಸಿಯಿತೆಂಬ ಸುದ್ದಿ ಬಂತು. ಆ ದಿನ ಮನೆಯಲ್ಲಿ ಇಲ್ಲಪ್ಪ ಊಟ ಬಿಟ್ಟೆದ್ದ. ಮಗಳು ತನ್ನ ಫೈಲು ಸಾಹೇಬರ ಮೇಜಿಗೆ ಹೋಗಿದೆ, ನಾಳೆ ರುಜು ಬೀಳಬಹುದು ಎಂದಷ್ಟೇ ಹೇಳಿದಳು.

ಮರುದಿನ ಹೊಲಿಗೆಯವಳು ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು.

"ಗೋಡೆ ಅಂತೂ ಪಾರದರ್ಶಕ ಆಯ್ತಣ್ಣಾ," ಎಂದಳು. "ಓಣಿಯವರಿಗೆಲ್ಲ ಈಗ ನಮ್ಮ ಅಡುಗೆಮನೆ ಕಾಣುತ್ತೆ. ಮೆಷಿನ್ನು ಅದರಡಿ ಹೋಯ್ತು, ನನ್ನ ಬೆರಳೂ ಹೋಯ್ತು. ಉಳಿದ ಅರ್ಧ ಗೋಡೆ ಅತ್ತೆ ಮಂಚದ ಮೇಲೇ ವಾಲಿಕೊಂಡಿದೆ. ಸಾಹೇಬ್ರು ಇದ್ದಾರಾ?"

ಒಳಗೆ ಸಾಹೇಬರು ಫೋನಿನಲ್ಲಿ ಯಾರೊಂದಿಗೋ ಗಟ್ಟಿಯಾಗಿ ನಗುತ್ತಿದ್ದರು. ಗುಮಾಸ್ತರು ತಲೆ ಎತ್ತಿದರು. ಅವಳ ಬ್ಯಾಂಡೇಜಿನ ತುದಿ ಸಡಿಲವಾಗಿತ್ತು. ಎಡಗೈಯಲ್ಲಿ ತಾನೇ ಕಟ್ಟಿಕೊಂಡಿದ್ದಿರಬೇಕು. ಮೂಲೆಯಲ್ಲಿ ಮಗಳ ಟೈಪಿನ ಸದ್ದು ಒಂದೇ ಸಮನೆ ಬರುತ್ತಿತ್ತು.

"ಇಲ್ಲಮ್ಮ," ಎಂದ ಇಲ್ಲಪ್ಪ, ಇಡೀ ಹಾಲಿಗೆ ಕೇಳುವ ಹಾಗೆ.

ಹಾಗೆ ಹೇಳುತ್ತಲೇ ಸ್ಟೂಲಿನಿಂದ ಎದ್ದ. ಬಾಗಿಲನ್ನು ಒಳಕ್ಕೆ ತಳ್ಳಿ, ಅವಳು ದಾಟಿ ಹೋಗುವವರೆಗೆ ಹಿಡಿದುಕೊಂಡು ನಿಂತ. ಟೈಪಿನ ಸದ್ದು ನಿಂತಿತು. ಅವನು ಆ ಕಡೆ ನೋಡಲಿಲ್ಲ, ಬಾಗಿಲನ್ನೂ ಬಿಡಲಿಲ್ಲ.