ನೂರ ಎಂಬತ್ತನೆಯ ಹೆಜ್ಜೆ

೧೯೯೩ರಲ್ಲಿ ನಾನು ನಮ್ಮ ಭಾಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಜೆಟ್‌ಗಳು, ಎಂದರೆ ಕಿರಿದಾದ ಬಾಯಿಂದ ರಭಸವಾಗಿ ಹೊರಬರುವ ನೀರಿನ ಅಥವಾ ಗಾಳಿಯ ಧಾರೆಗಳು, ಹೇಗೆ ಒಡೆಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ನಿಪ್ಪಾಣಿಯ ಒಬ್ಬ ತಂಬಾಕು ಸಾಹುಕಾರರು ತಮ್ಮ ವಖಾರಕ್ಕೆ, ಎಂದರೆ ತಂಬಾಕು ಜರಡಿ ಹಿಡಿಯುವ ಗೋದಾಮಿಗೆ, ದೊಡ್ಡ ಬ್ಲೋವರ್ ಹಾಕಿಸಿದ್ದರು. ಧೂಳಿನ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಗಾಳಿ ಧೂಳನ್ನು ನೇರವಾಗಿ ಕಿಟಕಿಯಾಚೆ ಒಯ್ಯುತ್ತದೆಂದು ತೋರಿಸುವ ಒಂದು ಚಿತ್ರ ಕಂಪ್ಯೂಟರಿನಿಂದ ಬೇಕೆಂದು ಸಾಹುಕಾರರು ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿದರು. ಮುಖ್ಯಸ್ಥರು ನನ್ನನ್ನು ಕಳಿಸಿದರು.

ಮೊದಲ ದಿನ ವಖಾರದಲ್ಲಿ ಐದು ನಿಮಿಷ ನಿಲ್ಲಲಾಗಲಿಲ್ಲ. ನೆಲ, ಗೋಡೆ, ಹೆಂಗಸರ ಕಣ್ಣುರೆಪ್ಪೆ, ಎಲ್ಲದರ ಮೇಲೂ ಒಂದೇ ಕಂದು ಪುಡಿ. ಮೂಲೆಯಲ್ಲಿ ಉಗುಳಿದ ಕಫವೂ ಅದೇ ಬಣ್ಣ. ಒಂದು ಗೋಡೆಗೆ ಬ್ಲೋವರ್, ನಲವತ್ತು ಅಡಿ ದೂರದ ಎದುರು ಗೋಡೆಗೆ ಕಿಟಕಿ, ನಡುವೆ ನಾಲ್ಕು ಸಾಲುಗಳಲ್ಲಿ ಕೂತು ಜರಡಿ ಹಿಡಿಯುವ ಹೆಂಗಸರು. ಕಿಟಕಿ ಬದಿಯ ಸಾಲು ಇಪ್ಪತ್ತು ವರ್ಷ ದುಡಿದವರದು. ಬೆಳಕು, ಗಾಳಿ ಇರುವ ಜಾಗ ಹಿರಿಯರಿಗೆ ಸಲ್ಲಬೇಕೆಂಬುದು ಅಲ್ಲಿನ ಪದ್ಧತಿ. ಗಂಟಲಿನ ಧೂಳು ಇಳಿಯಲೆಂದು ಎಲ್ಲರಿಗೂ ದಿನಕ್ಕೊಂದು ತುಂಡು ಬೆಲ್ಲ ಕೊಡುವುದೂ ಪದ್ಧತಿಯೇ. ಬ್ಲೋವರ್ ಬಂದ ದಿನದಿಂದ ಸಾಹುಕಾರರು ಬೆಲ್ಲವನ್ನು ನಿಲ್ಲಿಸಿದ್ದರು.

"ಸಾವ್ಕಾರ ಗಾಳಿ ಕೊಟ್ಟಾನ, ಬೆಲ್ಲಾ ಕಸ್ಗೊಂಡಾನ ನೋಡ್ರಿ ಬಾಯಾರ," ಎಂದಳು ಕಿಟಕಿ ಕೆಳಗಿನ ಅಕ್ಕವ್ವ. ಕಲಿತ ಹೆಂಗಸರನ್ನು ಅಲ್ಲಿ 'ಬಾಯಾರ' ಎಂದೇ ಕರೆಯುತ್ತಾರೆ. "ಇನ್ನ ಗಾಳೀನ ತಿಂದು ಇರೂದು."

ಪಕ್ಕದವಳು ನಕ್ಕಳು. ಅಕ್ಕವ್ವನೂ ನಗಲು ಹೋಗಿ ಕೆಮ್ಮಿದಳು. ಸೆರಗಿನಿಂದ ಬಾಯಿ ಒರೆಸಿ, ಒರೆಸಿದ ಭಾಗವನ್ನು ಬೇಗ ಒಳಗೆ ಮಡಿಸಿದಳು. ನಾನು ನೋಡಿದ್ದನ್ನು ಕಂಡು ಮೆಲ್ಲಗೆ ಹೇಳಿದಳು: "ಯಾರ ಮುಂದೂ ಅನಬ್ಯಾಡ್ರಿ. ಕೆಮ್ಮಿದವರನ್ನ ಮನಿಗೆ ಕಳಸ್ತಾರ." ಆ ಸೆರಗಿನಲ್ಲಿ ರಕ್ತವಿತ್ತು.

ಕಾಲೇಜಿನ ೩೮೬ ಕಂಪ್ಯೂಟರಿನಲ್ಲಿ ಲೆಕ್ಕ ಶುರು ಮಾಡಿದೆ. ಹೊರಬರುವ ಗಾಳಿಗೂ ಸುತ್ತಲಿನ ನಿಂತ ಗಾಳಿಗೂ ನಡುವಿನ ಗಡಿಯನ್ನು ಆರುನೂರು ಚುಕ್ಕೆಗಳಾಗಿ ಒಡೆಯಬೇಕು. ಪ್ರತಿ ಚುಕ್ಕೆಯೂ ಒಂದು ಪುಟ್ಟ ಸುಳಿ, ಉಳಿದೆಲ್ಲವನ್ನೂ ತಳ್ಳುತ್ತದೆ. ಎಲ್ಲ ಚುಕ್ಕೆಗಳನ್ನು ಒಮ್ಮೆ ಸರಿಸಿದರೆ ಒಂದು ಹೆಜ್ಜೆ, ಕಾಲದ ಒಂದು ಚೂರು. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನೂರ ಎಂಬತ್ತನೆಯ ಹೆಜ್ಜೆಯವರೆಗೆ ಧಾರೆ ಬಾಣದಂತಿತ್ತು. ಆಮೇಲೆ ಅಂಚು ಅಲೆಯಂತೆ ಬಳುಕಿತು, ಅಲೆಗಳು ಸುರುಳಿಯಾದವು, ಎರಡೆರಡು ಸುರುಳಿ ಸೇರಿ ಒಂದೊಂದು ದೊಡ್ಡ ಸುಳಿಯಾಯಿತು. ಬ್ಲೋವರಿನಿಂದ ಹತ್ತಡಿ ದಾಟಿದ ಮೇಲೆ ಧಾರೆಯೇ ಉಳಿಯಲಿಲ್ಲ. ದೊಡ್ಡ ಸುಳಿಗಳು ನೆಲದ ಧೂಳುಗಾಳಿಯನ್ನು ಒಳಗೆಳೆದು ಕಿಟಕಿ ಮುಟ್ಟುವ ಮೊದಲೇ ಹಿಂದಕ್ಕೆ ಎಸೆಯುತ್ತಿದ್ದವು, ಎಸೆಯುತ್ತಿದ್ದುದು ಕಿಟಕಿಯ ಸಾಲಿನ ಮೇಲೆ.

ಲೆಕ್ಕದ ತಪ್ಪಿರಬಹುದೆಂದು ಹೆಜ್ಜೆಯ ಅಳತೆಯನ್ನು ಅರ್ಧಕ್ಕಿಳಿಸಿ ಮತ್ತೆ ನಡೆಸಿದೆ. ಅದೇ ಸುಳಿಗಳು. ವಖಾರದಲ್ಲಿ ಉದ್ದಕ್ಕೆ ಹಗ್ಗ ಕಟ್ಟಿ, ಅಡಿಗೊಂದರಂತೆ ದಾರದ ಎಳೆ ಇಳಿಬಿಟ್ಟೆ. ಬ್ಲೋವರಿನ ಬಳಿಯ ಎಳೆಗಳು ಗಾಳಿಯ ದಿಕ್ಕಿಗೆ ನೇರ ನಿಂತವು. ಅಕ್ಕವ್ವನ ತಲೆಯ ಮೇಲಿನದು ತಿರುಗಿ ತಿರುಗಿ ಅವಳ ಮುಖದತ್ತ ಬರುತ್ತಿತ್ತು.

ಮುಖ್ಯಸ್ಥರು ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದರು. ಚಹಾ ಕುಡಿಯುತ್ತಲೇ ನೂರ ಎಂಬತ್ತನೆಯದನ್ನು ಎತ್ತಿಕೊಂಡರು.

"ಇದು ಛಲೋ ಬಂದೈತಿ. ಇದನ್ನ ಕಳಸು. ಮುಂದಿಂದು ಲೆಕ್ಕದ ಗದ್ದಲ."

"ಗದ್ದಲ ಅಲ್ರಿ ಸರ್, ಎರಡು ಸಲ ನೋಡೇನಿ."

"ನೋಡಿದ್ರ ನೋಡು. ಅವರು ಕೇಳಿದ್ದು ಒಂದು ಚಿತ್ರ. ಇದು ಸುಳ್ಳೇನು?"

ಸುಳ್ಳಾಗಿರಲಿಲ್ಲ, ಬ್ಲೋವರ್ ಶುರುವಾದ ಮೊದಲ ಕ್ಷಣಗಳಲ್ಲಿ ಗಾಳಿ ಹಾಗೇ ಹರಿಯುತ್ತಿತ್ತು. ಅದೇ ನನಗೆ ಹೇಸಿಗೆ ಹುಟ್ಟಿಸಿದ್ದು. ನನ್ನ ಹುದ್ದೆ ವರ್ಷ ವರ್ಷಕ್ಕೆ ಅವರು ನವೀಕರಿಸುವಂಥದ್ದು. ಆ ಚಿತ್ರದ ಕೆಳಗೆ ಸಹಿ ಮಾಡಿದೆ.

ಇನ್‌ಸ್ಪೆಕ್ಟರ್ ಬಂದರು, ಕಚೇರಿಯಲ್ಲೇ ಕೂತು ಚಿತ್ರ ನೋಡಿದರು, ವಖಾರದೊಳಗೆ ಕಾಲಿಡದೆ ಹೋದರು. ಸಾಹುಕಾರರು ಚಿತ್ರಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗಿಸಿ, ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚಿಸಿದರು. ಕೆಳಗೆ ನನ್ನ ಸಹಿ. "ಮೇಡಂ, ನಿಮ್ಮ ಕಂಪ್ಯೂಟರ ದೇವರ ಇದ್ದಂಗರಿ," ಎಂದು ನನ್ನ ಕೈಗೆ ಪೇಡೆ ಇಟ್ಟರು. ಬಸ್‌ಸ್ಟ್ಯಾಂಡಿನ ಚರಂಡಿಗೆ ಅದನ್ನು ಎಸೆದೆ.

ಮರುವಾರ ದೊಡ್ಡ ಸುಳಿಗಳು ಕಾಣುವ ಕೊನೆಯ ಹೆಜ್ಜೆಯ ಪ್ರಿಂಟು ತೆಗೆದುಕೊಂಡು ವಖಾರಕ್ಕೆ ಹೋದೆ. ಅಕ್ಕವ್ವನ ಮುಂದೆ ನೆಲದ ಮೇಲೆ ಹಾಸಿ, ಬ್ಲೋವರ್ ಯಾವುದು, ಕಿಟಕಿ ಯಾವುದು, ಧೂಳು ಎಲ್ಲಿ ತಿರುಗುತ್ತದೆ ಎಂದು ಹೇಳಿದೆ. ಅವಳು ದೊಡ್ಡ ಸುಳಿಯ ಮೇಲೆ ಅಂಗೈ ಇಟ್ಟಳು.

"ಇಲ್ಲಿ ನಾನು."

"ಹೌದು. ಬ್ಲೋವರ್ ಕಡೆ ಸಾಲಿಗೆ ಹೋಗ್ರಿ ಅಕ್ಕವ್ವ."

"ನಾ ಎದ್ದರ ಇಲ್ಲಿ ಕುಂದ್ರಾಕಿ ನನ್ನ ಸೊಸಿ. ಆಕಿಗೂ ಇಲ್ಲಿ ದುಡ್ಯಾಕ ಹತ್ತಿ ಇಪ್ಪತ್ತ ವರ್ಷ ತುಂಬ್ಯಾವ." ಚಿತ್ರದಿಂದ ಅಂಗೈ ತೆಗೆಯದೆಯೇ ಕೇಳಿದಳು: "ಬಾಯಾರ, ಇದು ಮೊದ್ಲ ಗೊತ್ತಿತ್ತೇನು ನಿಮಗ?"

"ಗೊತ್ತಿತ್ತು," ಎಂದೆ.

ಅವಳು ಬೈಯಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ನಾಲ್ಕೂ ಸಾಲುಗಳ ನಡುವೆ ನಡೆದುಹೋಗಿ ಬ್ಲೋವರಿನ ಸ್ವಿಚ್ ಆರಿಸಿದಳು. ಜರಡಿಗಳು ನಿಂತವು. ಬಾಗಿಲಲ್ಲಿ ಕೆಲಸದ ಮೇಲ್ವಿಚಾರಣೆಗೆ ನಿಂತಿದ್ದ ಮುಕಾದಮನಿಗೆ, "ಸಾವ್ಕಾರಗ ಹೇಳೋ, ಅವನ ಗಾಳಿ ಅವನ ಇಟ್ಗೊಳ್ಳಿ, ನಮ್ಮ ಬೆಲ್ಲಾ ನಮಗ ಕಳಸಲಿ," ಎಂದಳು. ಬೆಲ್ಲ ಬರುವ ತನಕ ಒಬ್ಬಳೂ ಜರಡಿ ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಬಂತು.

ಅಕ್ಕವ್ವನ ಎದೆ ಅದರಿಂದ ವಾಸಿಯಾಗಲಿಲ್ಲ. ಮರುವರ್ಷ ಆ ಜಾಗದಲ್ಲಿ ಸೊಸೆ ಕೂತಿದ್ದಳು. ಬ್ಲೋವರ್ ನಿಂತೇ ಇತ್ತು. ನೋಡಲು ಯಾರಾದರೂ ಬಂದಾಗ ಮಾತ್ರ ಹಚ್ಚುತ್ತಿದ್ದರಂತೆ.

ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ವಿಶ್ವವಿದ್ಯಾಲಯ ಕಲಿಸಿತ್ತು. ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದಕ್ಕೂ ಲೆಕ್ಕ ಮಾಡಿದವರೇ ಹೊಣೆ ಎಂಬುದನ್ನು ಕಲಿಸಿದ್ದು ಆ ವಖಾರ. ಈಗ ಯಾರೇ ಸಿಮ್ಯುಲೇಷನ್ ಚಿತ್ರ ತಂದರೂ, ಇದರ ಮುಂದಿನ ಹೆಜ್ಜೆ ಎಲ್ಲಿ ಎಂದು ಮೊದಲು ಕೇಳುತ್ತೇನೆ. ಸಾಹುಕಾರರ ಕಚೇರಿಯ ಗೋಡೆಯ ಮೇಲೆ ನನ್ನ ಸಹಿ ಇನ್ನೂ ಇದೆ.