ಜರುಗದ ಗೆರೆ

ಕನ್ನಡಕ ತೆಗೆದರೆ ನಮ್ಮ ಮೇಡಂ ಮೂಗಿನ ಎರಡೂ ಬದಿ ಕೆಂಪಗೆ ಗುಳಿ ಬಿದ್ದಿರುತ್ತಿತ್ತು. ಮಧ್ಯಾಹ್ನದ ಸೆಕೆಯಲ್ಲಿ ಒದ್ದೆ ಕರ್ಚೀಫನ್ನು ಕಣ್ಣಿಗೊತ್ತಿಕೊಂಡು ಕುರ್ಚಿಗೊರಗುವರು. ನಿದ್ದೆ ಬಂತೆಂದು ನಾನು ಹೇಳುತ್ತಿದ್ದುದನ್ನು ನಿಲ್ಲಿಸಿ ಮೆಲ್ಲಗೆ ಎದ್ದರೆ, "ಇರು ಮಾ, ಕೇಳ್ತಾನೇ ಇದೀನಿ" ಎನ್ನುವರು.

ಅವರು ನನ್ನ ಪಿಎಚ್.ಡಿ. ಗೈಡ್. ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ಮಾಧ್ವರ ಮನೆಯವರು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುವರು. ನಾನು ಅಣ್ಣಾ ನಗರದ ಉಡುಪಿ ಹೋಟೆಲಿನವರ ಮಗಳು. ಬಸ್ಸು ಬದಲಿಸಿ ಅಡ್ಯಾರಿನ ನಮ್ಮ ಸಂಸ್ಥೆ ಮುಟ್ಟುವಷ್ಟರಲ್ಲೇ ಅರ್ಧ ಸೋತಿರುತ್ತಿದ್ದೆ.

ನಮ್ಮ ಕೆಲಸ ಶನಿಗ್ರಹದ ಧ್ರುವಪ್ರಭೆಯದು. ಆ ಗ್ರಹದ ಧ್ರುವಗಳ ಮೇಲೆ ಹೊಳೆಯುವ ಬೆಳಕನ್ನು ವಿದೇಶದ ದೂರದರ್ಶಕವೊಂದು ರೋಹಿತವಾಗಿ, ಅಂದರೆ ಬಣ್ಣಬಣ್ಣದ ಪಟ್ಟಿಯಾಗಿ, ಬಿಡಿಸಿ ಕಳಿಸುತ್ತಿತ್ತು. ಅದರೊಳಗಿನ ಗೆರೆಗಳನ್ನು ನೋಡಿ, ಅಲ್ಲಿರುವ ಅನಿಲ ಯಾವುದು, ಎಷ್ಟು ಬಿಸಿ ಎಂದು ನಾವು ಹೇಳಬೇಕು. ಬೆಳಕು ನಮ್ಮ ಭೂಮಿಯ ಗಾಳಿಯನ್ನೂ ಹಾದು ಬರುವುದರಿಂದ ಆ ಗಾಳಿಯ ಗುರುತುಗಳನ್ನು ಮೊದಲು ಕಳೆಯಬೇಕು. ವರ್ಷಗಟ್ಟಲೆ ಇದೇ ಕೆಲಸ.

ಒಮ್ಮೆ ಅಲ್ಲಿ ಅದುವರೆಗೆ ಯಾರೂ ಕಂಡಿರದ ಗೆರೆಯೊಂದು ನಮಗೆ ಸಿಕ್ಕಿತು. ಅದರ ಬಗ್ಗೆ ಬರೆದ ನಮ್ಮ ಪ್ರಬಂಧ ಪತ್ರಿಕೆಯೊಂದರಲ್ಲಿ ಪ್ರಕಟಣೆಗೂ ಒಪ್ಪಿಗೆಯಾಯಿತು. ಮೇಡಂ ನಿವೃತ್ತಿ ಹತ್ತಿರವಿತ್ತು. ನನ್ನ ಥೀಸಿಸ್ ಪೂರ್ತಿ ಆ ಗೆರೆಯ ಮೇಲೇ ನಿಂತಿತ್ತು. ಆಗ ಹೊಸ ರೋಹಿತ ಬಂತು. ಅಷ್ಟರಲ್ಲಿ ಶನಿ ನಮ್ಮಿಂದ ದೂರ ಸರಿಯತೊಡಗಿದ್ದರಿಂದ ಅದರ ಗೆರೆಗಳೆಲ್ಲ ತುಸು ಕೆಂಪಿನತ್ತ ಜರುಗಿದ್ದವು. ನಮ್ಮದು ಮಾತ್ರ ಇದ್ದಲ್ಲೇ ಇತ್ತು.

ಮೇಡಂ ಹಳೆಯ ರೋಹಿತವನ್ನೂ ಪರದೆಯ ಮೇಲೆ ತೆರೆದು ಪಕ್ಕಪಕ್ಕ ಇಟ್ಟು ನೋಡಿದರು.

"ಇದು ಶನೀದು ಅಲ್ಲ ಮಾ. ಶನೀದಾಗಿದ್ರೆ ಇದೂ ಜರುಗಬೇಕಿತ್ತು. ನಮ್ಮ ಗಾಳೀದೇ. ಸರಿಯಾಗಿ ಕಳೆದಿಲ್ಲ."

"ಹಾಗಾದ್ರೆ ನನ್ನ ಥೀಸಿಸ್ ಕತೆ ಎಂತ ಮೇಡಂ?"

"ತಿರುಗಿ ಮೊದಲಿಂದ ನೋಡೋಣ, ಪಾಕ್ಕಲಾಂ. ನಾನೂ ಇರ್ತೀನಲ್ಲ. ಈಗ ಹೋಗಿ ಊಟ ಮಾಡ್ಕೊಂಡು ಬಾ, ಮುಖ ನೋಡು ಹೇಗಾಗಿದೆ."

ಕ್ಯಾಂಟೀನಿನಲ್ಲಿ ಮೊಸರನ್ನದ ಮುಂದೆ ಕೂತು ಅತ್ತು ಬರುವಷ್ಟರಲ್ಲಿ, ಪ್ರಬಂಧವನ್ನು ಹಿಂತೆಗೆದುಕೊಳ್ಳುವುದಾಗಿ ಅವರು ಸಂಪಾದಕರಿಗೆ ಮೇಲ್ ಕಳಿಸಿಯಾಗಿತ್ತು. ತಪ್ಪು ತಮ್ಮೊಬ್ಬರದೆಂದು ಬರೆದಿದ್ದರು.

ನಿವೃತ್ತರಾದ ಮೇಲೂ ಅವರು ಬಂದರು. ಮಾತಾಡಲೂ ತ್ರಾಣವಿಲ್ಲದಷ್ಟು ದಣಿದು, ಹಳೆಯ ರೋಹಿತಗಳನ್ನೆಲ್ಲ ಇಬ್ಬರೂ ಮತ್ತೆ ಸೋಸಿದೆವು. ಕೊನೆಗೆ ನನ್ನ ಥೀಸಿಸಿನಲ್ಲಿ ಹೊಸ ಗೆರೆ ಯಾವುದೂ ಇರಲಿಲ್ಲ. ಆ ಜಾಗದಲ್ಲಿ ಏನೂ ಇಲ್ಲ ಎಂಬುದೇ ಅದರ ತೀರ್ಮಾನವಾಗಿತ್ತು. ಪದವಿ ಸಿಕ್ಕಿತು.

ಕಳೆದ ವರ್ಷ ಮೇಡಂ ತೀರಿಕೊಂಡರು. ಶೋಕಸಭೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಅವರ ಪ್ರಬಂಧಗಳನ್ನು ಹೊಗಳಿದರು. ಹಿಂತೆಗೆದುಕೊಂಡದ್ದರ ಮಾತನ್ನು ಯಾರೂ ಎತ್ತಲಿಲ್ಲ. ನನ್ನ ಸರದಿ ಬಂದಾಗ ನಾನು ಅದೊಂದರ ಬಗ್ಗೆಯೇ ಹೇಳಿ ಕೂತೆ.