ಇಲ್ಲದ ಭಾವನ ಎಂಜಿನ್‌ಗಳು

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ರೈಲಕ್ಕ ಎಂದೇ ಕರೆಯುವುದು. ಹೆಸರು ಕೇಳಿದವರು ರೈಲ್ವೆಯಲ್ಲಿ ಕೆಲಸವೇನೋ ಎಂದುಕೊಳ್ಳುತ್ತಾರೆ. ಅಲ್ಲ, ಅಂಗೈ ಮೇಲೆ ನಿಲ್ಲುವಷ್ಟು ಪುಟ್ಟ ರೈಲುಗಳನ್ನು ಮಾರುತ್ತಿದ್ದ ಅಂಗಡಿ ಅವರದು. ಅವನ್ನು ಆಟದ ರೈಲು ಎಂದು ಮಾತ್ರ ಅನ್ನಬಾರದು. ಕೀಲಿ ಕೊಟ್ಟರೆ ಓಡಿಹೋಗಿ ಗೋಡೆಗೆ ಗುದ್ದುವುದು ಆಟದ್ದು. ನಿಜವಾದ ಎಂಜಿನ್ನಿನ ಒಂದೊಂದು ಮೊಳೆಯೂ ಅಳತೆಗೆ ತಕ್ಕಂತೆ ಇಳಿದುಬಂದಿದ್ದರೆ ಅದು ಮಾದರಿ ರೈಲು. ಈ ವ್ಯತ್ಯಾಸವನ್ನು ನೂರನೆಯ ಸಲ ವಿವರಿಸುವ ತಾಳ್ಮೆ ರೈಲಕ್ಕನಿಗಿದೆ. ನನಗಿಲ್ಲ.

ಅಂಗಡಿ ಎಂದರೆ ಹತ್ತಡಿ ಅಗಲದ ಒಂದೇ ಕೋಣೆ. ಎಡಗಡೆ ಗಾಜಿನ ಬೀರು, ಅದರಲ್ಲಿ ಎಂಜಿನ್ನು, ಬೋಗಿ, ಬೆರಳುದ್ದದ ಸಿಗ್ನಲ್ ಕಂಬಗಳು. ಬಲಗಡೆ ಹೊಲಿಗೆ ಯಂತ್ರ, ಅದರ ಪಕ್ಕ ಅಂಚು ಮಡಚಲು ಬಂದ ಪ್ಯಾಂಟುಗಳ ರಾಶಿ. ನಡುವೆ ಒಂದು ಮೇಜು, ಮೇಜಿನ ಮೇಲೆ ಮೊಳೆ ಹೊಡೆದು ಕೂರಿಸಿದ ಒಂದು ಸುತ್ತು ಹಳಿ. ಹೊಲಿಗೆಯಿಂದ ಹೊಟ್ಟೆ ತುಂಬುತ್ತಿತ್ತು, ರೈಲಿನಿಂದ ಮನಸ್ಸು ತುಂಬುತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಮೊದಮೊದಲು ರೈಲಕ್ಕನಿಗೆ ರೈಲು ಕಂಡರೆ ಆಗುತ್ತಿರಲಿಲ್ಲ.

ಹುಚ್ಚು ಇದ್ದದ್ದು ಗಂಡನಿಗೆ. ಅಂಗಡಿ ತೆರೆದವನೂ ಅವನೇ. ಆದರೆ ಪುಣ್ಯಾತ್ಮನಿಗೆ ಮಾರುವುದೇ ಬರುತ್ತಿರಲಿಲ್ಲ. ಯಾರಾದರೂ ಒಳ್ಳೆಯ ಎಂಜಿನ್ನಿನ ಮೇಲೆ ಬೆರಳಿಟ್ಟರೆ ಇವನ ಮುಖ ಸಣ್ಣಗಾಗುತ್ತಿತ್ತು. "ಅದು ಅಷ್ಟೊಂದು ಚೆನ್ನಾಗಿಲ್ಲ, ಇದನ್ನ ತಗೊಳ್ಳಿ" ಎಂದು ಮೂಲೆಯಲ್ಲಿದ್ದುದನ್ನು ತೋರಿಸುತ್ತಿದ್ದ. ಬಂದವರು ಎರಡನ್ನೂ ಬಿಟ್ಟು ಹೋಗುತ್ತಿದ್ದರು. ಎರಡು ವರ್ಷ ಇದನ್ನು ಹೊಲಿಗೆ ಯಂತ್ರದ ಹಿಂದಿನಿಂದ ನೋಡಿದ ರೈಲಕ್ಕ ಒಂದು ದಿನ ಎದ್ದು ಬಂದು ಬೀರುವಿನ ಕೀಲಿಕೈ ಕಿತ್ತುಕೊಂಡರು. "ನೀವು ಹೋಗಿ ಡ್ರೈವರ್ ಕೆಲಸಕ್ಕೆ ಸೇರ್ಕೊಳ್ಳಿ. ಗಾಡಿ ನಿಮ್ಮದಲ್ಲ ಅಂತ ಮೊದಲೇ ಗೊತ್ತಿರುತ್ತೆ, ಬಿಟ್ಟುಕೊಡೋಕೆ ಸಂಕಟ ಆಗಲ್ಲ" ಎಂದರಂತೆ. ಗಂಡ ಹಾಗೇ ಮಾಡಿದ. ರೈಲಿನ ಹುಚ್ಚಿನವನು ಇವತ್ತಿಗೂ ಬಸ್ಸು ಓಡಿಸುತ್ತಾನೆ, ಅಂಗಡಿಯ ಮುಂದೆ ಹಾದು ಹೋಗುವಾಗ ಎರಡು ಸಲ ಹಾರ್ನ್ ಹೊಡೆಯುತ್ತಾನೆ.

ಕೀಲಿಕೈ ಹಿಡಿದ ಮೇಲೆ ರೈಲಕ್ಕ ಕಲಿತರು. ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಿದ ಕೈಗೆ ಎಂಜಿನ್ನು ದೊಡ್ಡದೇ? ಸೂಜಿಯ ತುದಿಯಲ್ಲಿ ಯಂತ್ರದ ಎಣ್ಣೆಯ ಒಂದು ಹನಿ ತೆಗೆದು ಚಕ್ರದ ಅಚ್ಚಿಗೆ ಮುಟ್ಟಿಸುವುದನ್ನು ನೋಡಿದರೆ ಕಣ್ಣಿಗೆ ಔಷಧಿ ಹಾಕುತ್ತಿದ್ದಾರೆ ಅನ್ನಿಸಬೇಕು. ಮತ್ತೆ ಅವರದೊಂದು ಕಟ್ಟುನಿಟ್ಟು: ಮೇಜಿನ ಹಳಿಯ ಮೇಲೆ ಮೂರು ಸುತ್ತು ಓಡದೆ ಯಾವ ಎಂಜಿನ್ನೂ ಅಂಗಡಿಯಿಂದ ಹೊರಗೆ ಹೋಗಬಾರದು. ಮೊದಲ ಸುತ್ತು ಕಣ್ಣಿಗೆ, ಎರಡನೆಯದು ಕಿವಿಗೆ. ಮೂರನೆಯದು ಕೊಳ್ಳುವವನಿಗೆ, ಆಗ ವೇಗದ ಗುಂಡಿಯನ್ನು ಅವನ ಕೈಗೇ ಕೊಡುತ್ತಿದ್ದರು. ನಲವತ್ತು ದಾಟಿದ ಗಂಡಸರು ಆ ಗುಂಡಿ ಹಿಡಿದು ಉಸಿರು ಬಿಗಿಹಿಡಿಯುವುದನ್ನು ನಾನು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬ.

ನನ್ನದು ಅದೇ ಬೀದಿಯಲ್ಲಿ ಕನ್ನಡಕದ ಅಂಗಡಿ. ಮನೆಯ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಒಂದು ಊರು, ಎರಡು ಸ್ಟೇಷನ್, ಒಂದು ಸುರಂಗ ಮಾಡಿಕೊಂಡಿದ್ದೇನೆ. ಹೆಂಡತಿ ಅದಕ್ಕೆ "ನಿಮ್ಮ ಸಂಸ್ಥಾನ" ಎನ್ನುತ್ತಾಳೆ. ಅವಳೂ ಒಮ್ಮೆ ನನಗೆ ಗುಟ್ಟಾಗಿ ಒಂದು ಬೋಗಿ ಕೊಳ್ಳಲು ರೈಲಕ್ಕನ ಅಂಗಡಿಗೆ ಹೋಗಿ, ಒಂದು ಗಂಟೆ ಹರಟೆ ಹೊಡೆದು ಬಂದಿದ್ದಳು. ಏನು ಹರಟಿದಳೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ನನ್ನ ಅಂಗಡಿಗೆ ಬಂದು ಕಣ್ಣು ಪರೀಕ್ಷೆ ಮಾಡಿಸಿಕೊಂಡು, ಹತ್ತು ಫ್ರೇಮು ಮೂಗಿಗೇರಿಸಿ ಇಳಿಸಿ, ಕೊನೆಗೆ ಫೋನಿನಲ್ಲಿ ಕನ್ನಡಕ ತರಿಸಿಕೊಳ್ಳುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಊಟದ ಹೊತ್ತಿನಲ್ಲಿ ಹೆಂಡತಿಯ ಮುಂದೆ ಅವರ ಏಳು ತಲೆಮಾರನ್ನೂ ಜಾಲಾಡುತ್ತೇನೆ. ಹೀಗೆ ಜಾಲಾಡಿ, ಕೈ ತೊಳೆದು, ಅದೇ ಕೈಯಲ್ಲಿ ಫೋನು ಹಿಡಿದು ಒಂದು ದಿನ ಆನ್‌ಲೈನಿನಲ್ಲಿ ಎಂಜಿನ್ನು ತರಿಸಿದೆ. ರೈಲಕ್ಕನ ಬೀರುವಿನಲ್ಲಿದ್ದದ್ದೇ, ಬೆಲೆ ಮಾತ್ರ ಕಡಿಮೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಎಂಜಿನ್ನು ಬಂತು, ಓಡಲಿಲ್ಲ. ಗುಂಡಿ ತಿರುಗಿಸಿದರೆ ಮುಲುಗುತ್ತದೆ, ಒಂದು ಗೇಣು ಹೋಗಿ ನಿಲ್ಲುತ್ತದೆ. ವಾಪಸ್ ಕಳಿಸೋಣವೆಂದರೆ ಪೆಟ್ಟಿಗೆಯನ್ನು ಆತುರದಲ್ಲಿ ಹರಿದು ಹಾಕಿದ್ದೆ. ಎರಡು ದಿನ ಮೀನಮೇಷ ಎಣಿಸಿ, ಕೊನೆಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ರೈಲಕ್ಕನ ಅಂಗಡಿಗೇ ಹೋದೆ. ಮೆಟ್ಟಿಲು ಹತ್ತುವಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅಕ್ಕಾ, ನಮ್ಮ ಭಾವ ಕೊಟ್ಟಿದ್ದು ಇದು. ನಮ್ಮಕ್ಕನ ಗಂಡ. ಎಲ್ಲಿಂದಲೋ ತರಿಸಿದ್ದಾರೆ, ಓಡ್ತಾ ಇಲ್ಲ."

ನನಗೆ ಅಕ್ಕ ಇಲ್ಲ. ತಂಗಿ, ತಮ್ಮ ಯಾರೂ ಇಲ್ಲ. ಹಾಗಿದ್ದ ಮೇಲೆ ಭಾವ ಎಲ್ಲಿಂದ ಬರಬೇಕು?

ರೈಲಕ್ಕ ಎಂಜಿನ್ನನ್ನು ಮಗುಚಿ ನೋಡಿದರು. ಚಿಮುಟದಿಂದ ಹಲ್ಲುಚಕ್ರದ ನಡುವಿನಿಂದ ಒಣಗಿದ ಗ್ರೀಸಿನ ಉಂಡೆ ತೆಗೆದರು, ಎಣ್ಣೆ ಮುಟ್ಟಿಸಿದರು, ಮೂರು ಸುತ್ತು ಓಡಿಸಿದರು. ಮೂರನೆಯ ಸುತ್ತಿಗೆ ಗುಂಡಿಯನ್ನು ನನ್ನ ಕೈಗೆ ಕೊಟ್ಟರು. "ಪಾಪ, ನಿಮ್ಮ ಭಾವನಿಗೆ ನಿಮ್ಮ ಮೇಲೆ ಪ್ರೀತಿ" ಎಂದರು. ಕೂಲಿ ಎಷ್ಟೆಂದರೆ ಒಂದು ಪ್ಯಾಂಟಿನ ಅಂಚು ಹೊಲಿದಷ್ಟೇ ತೆಗೆದುಕೊಂಡರು. ಅವರ ಅಂಗಡಿಯಲ್ಲಿ ಎಲ್ಲ ರಿಪೇರಿಗೂ ಅದೇ ದರ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಮುಂದುವರಿಸಿದೆ. ಭಾವನ ಪ್ರೀತಿ ಉಕ್ಕಿ ಹರಿಯಿತು. ಆ ವರ್ಷ ನಾಲ್ಕು ಎಂಜಿನ್ನು ಕೊಟ್ಟ, ಮರುವರ್ಷ ಐದು. ಒಂದರ ಚಕ್ರಗಳ ನಡುವಿನ ಅಂತರ ತಪ್ಪಿತ್ತು, ತಿರುವಿನಲ್ಲಿ ಹಳಿ ಬಿಟ್ಟು ನೆಗೆಯುತ್ತಿತ್ತು. ಇನ್ನೊಂದರ ಕೊಂಡಿ ಮುರಿದಿತ್ತು. ಪ್ರತಿ ಸಲವೂ ಕರವಸ್ತ್ರ ಬಿಚ್ಚುತ್ತಿದ್ದೆ, ಪ್ರತಿ ಸಲವೂ ರೈಲಕ್ಕ ಭಾವನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಒಂದು ಸುಳ್ಳಿಗೆ ಹತ್ತು ಸುಳ್ಳು ಜೋಡಿಸಬೇಕಲ್ಲ, ಭಾವನಿಗೆ ಮಂಡಿ ನೋವು ಬಂತು, ಬೇರೆ ಕಡೆ ವರ್ಗವಾಯಿತು, ಕಣ್ಣಿಗೆ ಪೊರೆ ಬಂತು. "ಅಯ್ಯೋ, ಮನೇಲೇ ಕನ್ನಡಕದಣ್ಣ ಇದ್ದೂ!" ಎಂದು ರೈಲಕ್ಕ ಮರುಗಿದರು. ನಾನು ಹಲ್ಲು ಕಿರಿದೆ.

ಇಷ್ಟು ಹೊತ್ತಿಗೆ ಆ ಅಂಗಡಿಯ ಗೋಡೆಯ ಮೇಲೆ ಒಂದು ಬಟ್ಟೆ ನೇತಾಡುತ್ತಿತ್ತು. ರೈಲು ತಯಾರಿಸುವ ಕಂಪನಿಯವರು ಹೊಸ ಷರತ್ತು ಹಾಕಿದ್ದರು: ವರ್ಷಕ್ಕೆ ಮೂವತ್ತು ಎಂಜಿನ್ನು ಮಾರದ ಅಂಗಡಿಗೆ ಮುಂದೆ ಸರಕು ಕೊಡುವುದಿಲ್ಲ. ಪ್ರತಿ ಪೆಟ್ಟಿಗೆಯ ಮೇಲೂ ಒಂದು ಕೆಂಪು ಚೀಟಿ ಇರುತ್ತದೆ, ಮಾರಿದ ಮೇಲೆ ಅದನ್ನು ಹರಿದಿಟ್ಟು ವರ್ಷದ ಕೊನೆಗೆ ಕಂಪನಿಗೆ ಕಳಿಸಬೇಕು. ರೈಲಕ್ಕ ಬಟ್ಟೆಯ ಮೇಲೆ ಟೈಲರ್ ಸೀಮೆಸುಣ್ಣದಿಂದ ಮೂವತ್ತು ಮನೆ ಗೀಚಿ, ಒಂದೊಂದು ಚೀಟಿಯನ್ನೂ ಗುಂಡುಪಿನ್ನಿನಿಂದ ಚುಚ್ಚಿಡುತ್ತಿದ್ದರು. ಮೊದಲ ವರ್ಷ ಮೂವತ್ತೊಂದಾಗಿತ್ತು. ಎರಡನೆಯ ವರ್ಷ ಮುಗಿಯಲು ಹತ್ತು ದಿನ ಉಳಿದಾಗ ಬಟ್ಟೆಯ ಮೇಲೆ ಇದ್ದದ್ದು ಇಪ್ಪತ್ತಾರು. ನನ್ನ ಕೈಯಲ್ಲಿ ಕರವಸ್ತ್ರ, ಅದರೊಳಗೆ ಭಾವನ ಆ ವರ್ಷದ ಐದನೆಯ ಎಂಜಿನ್ನು. ಕಣ್ಣು ಬಟ್ಟೆಯ ಖಾಲಿ ಮನೆಗಳ ಮೇಲೆ ಹೋಯಿತು, ನಾನು ಬೇಗನೆ ಬೇರೆ ಕಡೆ ನೋಡಿದೆ.

"ಆಗುತ್ತೆ ಬಿಡಿ ಅಕ್ಕಾ, ಇನ್ನೂ ಹತ್ತು ದಿನ ಇದೆ" ಎಂದೆ. ಎಷ್ಟು ಸಲೀಸಾಗಿ ಹೇಳಿದೆ!

ಅದಾಗಿ ನಾಲ್ಕು ದಿನಕ್ಕೆ ನನ್ನ ಅಂಗಡಿಗೆ ಮೇಷ್ಟರು ಬಂದರು. ನಿವೃತ್ತರಾದವರು, ಹಿಂದಿನ ತಿಂಗಳು ನನ್ನಲ್ಲೇ ಕಣ್ಣು ಪರೀಕ್ಷೆ ಮಾಡಿಸಿಕೊಂಡು, ಹನ್ನೊಂದು ಫ್ರೇಮು ಹಾಕಿ ನೋಡಿ, "ಯೋಚ್ನೆ ಮಾಡ್ತೀನಿ" ಎಂದು ಹೋದವರು. ಈಗ ಮೂಗಿನ ಮೇಲೆ ಹೊಸ ಕನ್ನಡಕ ಸೊಟ್ಟಗೆ ಕೂತಿತ್ತು.

"ಸ್ವಲ್ಪ ಸರಿ ಮಾಡಿಕೊಡಪ್ಪ, ಜಾರ್ತಾ ಇದೆ. ನನ್ನ ಮಗಳು ತಂದುಕೊಟ್ಟಿದ್ದು" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಮೇಷ್ಟ್ರೇ, ನಿಮಗಿರೋ ಇಬ್ಬರೂ ಗಂಡುಮಕ್ಕಳು. ಮಗಳು ಯಾವಾಗ ಹುಟ್ಟಿದ್ಳು? ಫೋನಲ್ಲಿ ತರಿಸಿದ್ದನ್ನ ಫೋನಲ್ಲೇ ಸರಿ ಮಾಡಿಸ್ಕೊಳ್ಳಿ!"

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಮೇಷ್ಟರ ಮುಖ ಕೆಂಪಾಯಿತು. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಮೆಟ್ಟಿಲನ್ನು ಕಾಲಿನಿಂದ ತಡಕಿ ತಡಕಿ ಇಳಿದು ಹೋದರು. ಗೆದ್ದೆ ಅನ್ನಿಸಿದ್ದು ಒಂದೇ ನಿಮಿಷ. ಆಮೇಲೆ ಕುಂಬಳಕಾಯಿ ಕಳ್ಳನಂತೆ ನನ್ನ ಹೆಗಲನ್ನು ನಾನೇ ಮುಟ್ಟಿ ನೋಡಿಕೊಂಡೆ. ಮೇಷ್ಟರಿಗೆ ಇಲ್ಲದ ಮಗಳು, ನನಗೆ ಇಲ್ಲದ ಭಾವ. ನಾನು ಒಂದು ನಿಮಿಷದಲ್ಲಿ ಹಿಡಿದೆ. ರೈಲಕ್ಕ ಎರಡು ವರ್ಷದಿಂದ ಹಿಡಿದಿರಲಿಲ್ಲವೇ?

ಮಧ್ಯಾಹ್ನವೇ ಬಾಗಿಲು ಎಳೆದು ಅಲ್ಲಿಗೆ ಹೋದೆ. ರೈಲಕ್ಕ ಕಾಲರ್ ಹೊಲಿಯುತ್ತಿದ್ದರು. ಬಟ್ಟೆಯ ಮೇಲೆ ಇನ್ನೂ ಇಪ್ಪತ್ತಾರೇ.

"ಅಕ್ಕಾ, ನಾಲ್ಕು ಎಂಜಿನ್ ಕೊಡಿ. ಯಾವುದಾದ್ರೂ ಸರಿ."

ಅವರು ಯಂತ್ರ ನಿಲ್ಲಿಸಿದರು. "ಯಾವುದಾದ್ರೂ ಸರಿ ಅನ್ನೋಕೆ ಇದೇನು ಅಂಗಿ ಗುಂಡಿಯಾ? ನಾಲ್ಕು ತಗೊಂಡು ಎಲ್ಲಿ ಓಡಿಸ್ತೀರಿ? ನಿಮಗಿರೋ ಸ್ಟೇಷನ್ನೇ ಎರಡು."

"ಅಕ್ಕಾ, ಭಾವ ಅಂತ ಯಾರೂ ಇಲ್ಲ. ಆ ಒಂಬತ್ತನ್ನೂ ನಾನೇ ತರಿಸಿದ್ದು." ಗೋಡೆಯ ಬಟ್ಟೆಯತ್ತ ಕೈ ತೋರಿಸಿದೆ. "ಈ ವರ್ಷದ ಐದನ್ನ ಇಲ್ಲೇ ಕೊಂಡಿದ್ರೆ ನಿಮ್ಮ ಬಟ್ಟೆ ತುಂಬಿ ಮೇಲೊಂದು ಉಳೀತಿತ್ತು."

ರೈಲಕ್ಕ ದಾರ ಕತ್ತರಿಸಿ ಕಾಲರನ್ನು ಪಕ್ಕಕ್ಕಿಟ್ಟರು. "ಗೊತ್ತು ಕನ್ನಡಕದಣ್ಣ. ನಿಮ್ಮ ಮನೆಯವರು ಅವತ್ತು ಬೋಗಿ ತಗೊಳ್ಳೋಕೆ ಬಂದಾಗಲೇ ಹೇಳಿದ್ರು. ಒಬ್ಬನೇ ಮಗ, ಚಿಕ್ಕವರಿದ್ದಾಗ ಆಡೋಕೆ ಜೊತೆಗೆ ಯಾರೂ ಇರಲಿಲ್ಲ, ಅದಕ್ಕೇ ಈ ರೈಲು ಅಂದ್ರೆ ಜೀವ ಅಂತ."

"ಗೊತ್ತಿದ್ದೂ ಎರಡು ವರ್ಷ ರಿಪೇರಿ ಮಾಡಿಕೊಟ್ರಾ? ಉಗಿದು ಕಳಿಸಬೇಕಿತ್ತು ನನ್ನ."

"ಉಗಿದಿದ್ರೆ ನೀವು ನಾಚ್ಕೊಂಡು ಈ ಕಡೆ ತಲೆ ಹಾಕ್ತಿರಲಿಲ್ಲ. ಕೊಳ್ಳೋಕಲ್ಲದಿದ್ರೂ ರಿಪೇರಿಗಾದ್ರೂ ಬರ್ತಿದ್ರಲ್ಲ" ಎಂದರು ರೈಲಕ್ಕ. "ಇಡೀ ದಿನ ಪ್ಯಾಂಟು ಮಡಚ್ತಾ ಕೂತಿರೋಳಿಗೆ ಇಲ್ಲಿ ಎಂಜಿನ್ ಮಾತಾಡೋಕೆ ಇನ್ಯಾರು ಬರ್ತಾರೆ ಹೇಳಿ?"

ನನಗೆ ಅಳು ಬಂತು. ಮುಚ್ಚಿಕೊಳ್ಳಲು ಕರವಸ್ತ್ರ ತೆಗೆದರೆ ಅದಕ್ಕೂ ಎಂಜಿನ್ ಎಣ್ಣೆಯ ವಾಸನೆ.

ನಾಲ್ಕನ್ನು ಅವರು ಕೊಡಲಿಲ್ಲ. ಎಷ್ಟು ಕೇಳಿದರೂ ಕೊಡಲಿಲ್ಲ. "ಪ್ರಾಯಶ್ಚಿತ್ತಕ್ಕೆ ಎಂಜಿನ್ ಮಾರಲ್ಲ, ಓಡಿಸೋರಿಗೆ ಮಾರ್ತೀನಿ" ಎಂದರು. ಬೀರು ತೆರೆದು, ನನ್ನ ಸಂಸ್ಥಾನಕ್ಕೆ ಹೊಂದುವ ಒಂದನ್ನು ತಾವೇ ಆರಿಸಿ, ಮೂರು ಸುತ್ತು ಓಡಿಸಿ ಕೊಟ್ಟರು. ಇಪ್ಪತ್ತೇಳನೆಯ ಚೀಟಿಯನ್ನು ನನ್ನ ಕೈಯಿಂದಲೇ ಚುಚ್ಚಿಸಿದರು. ಉಳಿದ ಆರು ದಿನದಲ್ಲಿ ಇನ್ನೊಂದು ಮಾರಾಟವಾಯಿತು. ಇಪ್ಪತ್ತೆಂಟು. ಕಂಪನಿಗೆ ಮೂವತ್ತು ಎಂದರೆ ಮೂವತ್ತೇ, ಸರಕು ನಿಂತುಹೋಯಿತು.

ಆ ಮಧ್ಯಾಹ್ನ ರೈಲಕ್ಕನ ಅಂಗಡಿಯಿಂದ ನೇರ ಮೇಷ್ಟರ ಮನೆಗೆ ಹೋಗಿದ್ದೆ, ಜೇಬಿನಲ್ಲಿ ಪುಟ್ಟ ಸ್ಕ್ರೂಡ್ರೈವರ್ ಇಟ್ಟುಕೊಂಡು. ಬಾಗಿಲು ತೆರೆದವರು ನನ್ನ ಮುಖ ನೋಡಲಿಲ್ಲ. "ನಿಮ್ಮ ಮಗಳು ತಂದ ಕನ್ನಡಕ ಕೊಡಿ ಮೇಷ್ಟ್ರೇ, ಸರಿ ಮಾಡ್ತೀನಿ" ಎಂದೆ. ಮತ್ತೆ ಚುಚ್ಚಿ ಮಾತಾಡಲು ಬಂದೆ ಎಂದುಕೊಂಡರೋ ಏನೋ, ಬಾಗಿಲನ್ನು ಅರ್ಧ ಮುಚ್ಚಿದರು. ಆಮೇಲೆ ಒಳಗೆ ಹೋಗಿ ತಂದುಕೊಟ್ಟರು. ಬಾಗಿಲಲ್ಲೇ ಕೂತು ಎರಡು ತಿರುಪು ಬಿಗಿ ಮಾಡಿದೆ. ಅವರು ಮಾತ್ರ ನನ್ನ ಅಂಗಡಿಯ ಮೆಟ್ಟಿಲು ಇವತ್ತಿನವರೆಗೂ ಹತ್ತಿಲ್ಲ. ನಾಚಿಕೆಪಟ್ಟವನು ಮತ್ತೆ ಬರುವುದಿಲ್ಲ ಎಂದು ರೈಲಕ್ಕನಿಗೆ ಮೊದಲೇ ಗೊತ್ತಿತ್ತು, ನನಗೆ ತಡವಾಗಿ ಗೊತ್ತಾಯಿತು.

ಈಗ ಗಾಜಿನ ಬೀರುವಿನಲ್ಲಿ ಜಿಪ್ಪು, ದಾರದುಂಡೆ, ಗುಂಡಿಗಳ ಡಬ್ಬಿಗಳಿವೆ. ಕೊನೆಗೆ ಮಾರಾಟವಾಗದೆ ಉಳಿದ ಎಂಜಿನ್ನುಗಳನ್ನು ಗಂಡ ಮನೆಗೆ ಒಯ್ದ. ಅಷ್ಟು ಸಂತೋಷವಾಗಿದ್ದ ಮನುಷ್ಯನನ್ನೂ ಅಷ್ಟು ದುಃಖದಲ್ಲಿದ್ದ ಹೆಂಗಸನ್ನೂ ಒಂದೇ ಆಟೋದಲ್ಲಿ ನಾನು ಬೇರೆಂದೂ ನೋಡಿಲ್ಲ. ಮೇಜಿನ ಮೇಲಿನ ಒಂದು ಸುತ್ತು ಹಳಿಯನ್ನು ಮಾತ್ರ ರೈಲಕ್ಕ ಕೀಳಲಿಲ್ಲ.

ನಾನು ಈಗಲೂ ಎಂಜಿನ್ನನ್ನು ಆನ್‌ಲೈನಿನಲ್ಲೇ ತರಿಸುತ್ತೇನೆ. ಅಂಗಡಿಯಲ್ಲೇ ಕೊಳ್ಳುತ್ತೇನೆಂದು ಹಟ ಹಿಡಿದರೂ ಕೊಳ್ಳಲು ಅಂಗಡಿಯಿಲ್ಲ. ಇದ್ದುದನ್ನು ಮುಚ್ಚಿಸಿದವರಲ್ಲಿ ನಾನೂ ಒಬ್ಬ. ಆದರೆ ಪಾರ್ಸೆಲನ್ನು ಮನೆಯಲ್ಲಿ ಒಡೆಯುವುದಿಲ್ಲ. ಹಾಗೇ ಹೊತ್ತುಕೊಂಡು ಹೋಗಿ ಆ ಮೇಜಿನ ಮೇಲೆ ಇಡುತ್ತೇನೆ. ರೈಲಕ್ಕ ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ಅದನ್ನು ಬಿಚ್ಚಿ, ಎಣ್ಣೆ ಮುಟ್ಟಿಸಿ, ಎರಡು ಸುತ್ತು ಓಡಿಸಿ, ಮೂರನೆಯದಕ್ಕೆ ಗುಂಡಿಯನ್ನು ನನ್ನ ಕೈಗೆ ಕೊಡುತ್ತಾರೆ.

"ಭಾವ ಹೇಗಿದ್ದಾರೆ?" ಎಂದು ಕೇಳುತ್ತಾರೆ.

"ಚೆನ್ನಾಗಿದ್ದಾರೆ ಅಕ್ಕಾ" ಎನ್ನುತ್ತೇನೆ. "ನಿಮಗೆ ಮುಖ ತೋರ್ಸೋಕೆ ಮಾತ್ರ ಇನ್ನೂ ನಾಚ್ಕೋತಾರೆ."